ಮೂರು ಸ್ವರಗಳ ಭಯ

ಭರತಮುನಿ ಎಣಿಸಿದ ಎಂಟು ರಸಗಳಲ್ಲಿ ಭಯಾನಕದಷ್ಟು ಅನಾಥವಾದುದು ಇನ್ನೊಂದಿಲ್ಲ. ಶೃಂಗಾರಕ್ಕೆ ಕಾವ್ಯಗಳ ಭಂಡಾರವೇ ಇದೆ. ವೀರಕ್ಕೆ ಪಂಪನಿದ್ದಾನೆ, ಕರುಣಕ್ಕೆ ರಾಘವಾಂಕನಿದ್ದಾನೆ, ಹಾಸ್ಯಕ್ಕೆ ನಮ್ಮ ಕೈಲಾಸಂ ಇದ್ದಾರೆ. ಭಯಾನಕವೋ, ವೀರದ ಹಿತ್ತಲಲ್ಲೋ ಬೀಭತ್ಸದ ಪಕ್ಕದ ಕೋಣೆಯಲ್ಲೋ ಬಾಡಿಗೆಗೆ ಇರುತ್ತದೆ. ರನ್ನನ ದುರ್ಯೋಧನನು ಸಂಜಯನ ಜೊತೆಯಲ್ಲಿ ಹೆಣಗಳ ನಡುವೆ ಕಾಲಿಡುತ್ತ ಭೀಷ್ಮನಿದ್ದ ಕಡೆಗೆ ನಡೆಯುವ ಭಾಗವನ್ನು ಓದುವಾಗ ಮೈ ಜುಮ್ಮೆನ್ನುವುದು ನಿಜ. ಆದರೆ ಅಲ್ಲಿಯೂ ಕವಿ ಬೇಗನೆ ನಮ್ಮನ್ನು ದುಃಖದ ಕಡೆಗೆ ಕರೆದೊಯ್ಯುತ್ತಾನೆ. ಸಂಗೀತದ ಮಾತಂತೂ ಕೇಳುವುದೇ ಬೇಡ. ಸಭಿಕರನ್ನು ಹೆದರಿಸಬೇಕೆಂದು ಸಂಕಲ್ಪಮಾಡಿ ಯಾವ ವಿದ್ವಾಂಸರೂ ರಾಗವನ್ನು ಎತ್ತಿಕೊಂಡದ್ದನ್ನು ನಾನು ಕಂಡಿಲ್ಲ. (ಶ್ರುತಿ ತಪ್ಪಿ ಹೆದರಿಸಿದವರುಂಟು; ಅದು ಬೇರೆಯ ಮಾತು.)

ಆದುದರಿಂದ, ಆದಿಯಿಂದ ಅಂತ್ಯದವರೆಗೆ ಭಯವನ್ನೇ ಸ್ಥಾಯಿಯಾಗಿ ಹಿಡಿದ ಒಂದು ಹಾಡು ಎಲ್ಲಿಯಾದರೂ ಉಂಟೆಂದರೆ ರಸಿಕನಾದವನು ಕಿವಿಗೊಡದೆ ಇರಲಾರ. ಅಂಥ ಹಾಡು ಇದೆ. ಅದರ ಹೆಸರು ‘ಬ್ಲ್ಯಾಕ್ ಸ್ಯಾಬತ್’. ಅದನ್ನು ಹಾಡಿದ ತಂಡದ ಹೆಸರೂ ಅದೇ, ಅದು ಸೇರಿದ ಧ್ವನಿಮುದ್ರಿಕೆಯ ಹೆಸರೂ ಅದೇ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ನಾಲ್ವರು ತರುಣರು 1969ರ ಅಕ್ಟೋಬರಿನಲ್ಲಿ ಒಂದೇ ದಿನದಲ್ಲಿ ಆ ತಟ್ಟೆಯನ್ನು ನುಡಿಸಿ ಮುಗಿಸಿದರು. 1970ರ ಫೆಬ್ರವರಿ 13ರಂದು, ಶುಕ್ರವಾರ, ಅದು ಹೊರಬಂದಿತು. ಇಂದು ‘ಹೆವಿ ಮೆಟಲ್’ ಎಂದು ಕರೆಯುವ ಸಂಗೀತದ ವಂಶಾವಳಿಯನ್ನು ಹಿಂದಕ್ಕೆ ಹುಡುಕಿಕೊಂಡು ಹೋದವರಲ್ಲಿ ಬಹುಮಂದಿ ಈ ಒಂದು ಹಾಡಿನ ಹತ್ತಿರ ಬಂದು ನಿಲ್ಲುತ್ತಾರೆ. ಹಾಡಿನ ಅವಧಿ ಆರು ನಿಮಿಷಕ್ಕೆ ಸ್ವಲ್ಪ ಹೆಚ್ಚು. ನಾನು ಅದನ್ನು ಎಷ್ಟು ಸಲ ಕೇಳಿದ್ದೇನೆಂಬ ಲೆಕ್ಕ ಇಟ್ಟಿಲ್ಲ.

ಯಶವಂತಪುರದಲ್ಲಿ ಕುಳಿತವನಿಗೆ ಬರ್ಮಿಂಗ್‌ಹ್ಯಾಮಿನ ಗೊಡವೆ ಏಕೆ ಎಂದು ಕೆಲವರು ಕೇಳಬಹುದು. ಈ ಸಂಗೀತ ನಮ್ಮ ಊರಿಗೆ ಪರಕೀಯವಾಗಿ ಉಳಿದಿಲ್ಲ. 2007ರ ಮಾರ್ಚ್ 17ರಂದು ‘ಐರನ್ ಮೇಡನ್’ ತಂಡ ಅರಮನೆ ಮೈದಾನದಲ್ಲಿ ಹಾಡಿದಾಗ ದೇಶದ ನಾನಾ ಭಾಗಗಳಿಂದ ಕಪ್ಪು ಅಂಗಿಯ ಹುಡುಗರು ರೈಲಿನಲ್ಲಿ ಬಂದಿಳಿದರು. 2011ರ ಅಕ್ಟೋಬರ್ 30ರಂದು ‘ಮೆಟಾಲಿಕ’ ಅದೇ ಮೈದಾನಕ್ಕೆ ಬಂದಿತು. ಮರುವರ್ಷ ‘ಸ್ಲೇಯರ್’ ಹೆಬ್ಬಾಳವನ್ನೂ ದಾಟಿ ತಣಿಸಂದ್ರದ ಕಡೆಯ ಭಾರತೀಯ ಸಿಟಿಯಲ್ಲಿ ನುಡಿಸಿತು. ಅದೇ 2012ರಲ್ಲಿ ‘ಬೆಂಗಳೂರು ಓಪನ್ ಏರ್’ ಎಂಬ ಉತ್ಸವ ಯಲಹಂಕದ ಒಂದು ರೆಸಾರ್ಟಿನ ಅಂಗಳದಲ್ಲಿ ಆರಂಭವಾಯಿತು. ನಕ್ಷೆಯನ್ನು ಎದುರಿಗಿಟ್ಟುಕೊಂಡು ನೋಡಿದರೆ ಇವೆಲ್ಲ ಬಳ್ಳಾರಿ ರಸ್ತೆಯ ಉದ್ದಕ್ಕೂ, ಇಲ್ಲವೆ ಅದರಿಂದ ಕೂಗಳತೆಯಲ್ಲಿ, ಮಣಿಗಳಂತೆ ಪೋಣಿಸಿಕೊಂಡಿವೆ. ತ್ಯಾಗರಾಜರ ಕೀರ್ತನೆಗೆ ಚಾಮರಾಜಪೇಟೆಯ ರಾಮೋತ್ಸವ ಹೇಗೋ, ಈ ಭಾರಲೋಹಕ್ಕೆ ನಗರದ ಉತ್ತರ ದಿಕ್ಕು ಹಾಗೆ ಎಂದರೆ ರಾಮಭಕ್ತರು ಕ್ಷಮಿಸಬೇಕು.

ಇನ್ನು ಹಾಡಿಗೆ ಬರೋಣ. ಮೊದಲು ಮಳೆ. ದೂರದಲ್ಲಿ ಗುಡುಗು. ಇಗರ್ಜಿಯ ಗಂಟೆಯೊಂದು ನಿಧಾನವಾಗಿ ಬಡಿಯುತ್ತದೆ. ಇದು ನಾಟಕದ ಕಂಪೆನಿಯವರಿಗೂ ಗೊತ್ತಿದ್ದ ಉಪಾಯ. ಇದನ್ನು ನಾನು ದೊಡ್ಡದೆಂದು ಹೇಳಲಾರೆ. ಮಳೆಯ ಮಧ್ಯದಿಂದ ಇದ್ದಕ್ಕಿದ್ದಂತೆ ಗಿಟಾರು ಎರಗುತ್ತದೆ. ನುಡಿಸುವುದು ಮೂರೇ ಸ್ವರ. ಕೆಳಗಿನ ಷಡ್ಜ; ಅಲ್ಲಿಂದ ನೇರವಾಗಿ ಮೇಲಿನ ಷಡ್ಜ; ಆಮೇಲೆ ಇಳಿದು ನಡುವೆ ಒಂದು ಸ್ವರದ ಮೇಲೆ ನಿಲುಗಡೆ. ಆ ಮೂರನೆಯದನ್ನು ಕೊಂಚ ನಡುಗಿಸಿ, ಹಾಗೆಯೇ ತೂಗಬಿಡುತ್ತಾರೆ. ಮತ್ತೆ ಮೊದಲಿನಿಂದ. ಗತಿ ಎಷ್ಟು ವಿಳಂಬವೆಂದರೆ, ಎರಡು ಆವರ್ತಗಳ ನಡುವೆ ಕೇಳುವವನು ಉಸಿರು ಹಿಡಿದು, ಬಿಟ್ಟು, ಮತ್ತೆ ಹಿಡಿಯಬಹುದು. ಒಡೆದ ಕಂಚಿನಂಥ ನಾದ. ಡ್ರಮ್ಮು ತಾಳ ಹಾಕುವುದಕ್ಕಿಂತ ಹೆಚ್ಚಾಗಿ ಹೆಜ್ಜೆ ಹಾಕುತ್ತದೆ.

ಹೀಗೆ ಕೆಲವು ಸುತ್ತು ಆದಮೇಲೆ ಎಲ್ಲವೂ ಪಿಸುಮಾತಿಗೆ ಇಳಿಯುತ್ತದೆ. ಅದೇ ಮೂರು ಸ್ವರ, ಆದರೆ ಈಗ ಮೆಲ್ಲಗೆ, ಪಕ್ಕದ ಕೋಣೆಯಿಂದ ಕೇಳಿಬಂದ ಹಾಗೆ. ಅದರ ಮೇಲೆ ಒಬ್ಬ ಮನುಷ್ಯನ ದನಿ. ಈ ಇಳಿತವೇ ಹಾಡಿನ ಜೀವ ಎಂದು ನನ್ನ ಅಭಿಪ್ರಾಯ. ಗಟ್ಟಿಯಾಗಿ ಕೂಗಿದರೆ ಭಯವಾಗುವುದಿಲ್ಲ, ಬೆಚ್ಚಿಬೀಳುವುದಷ್ಟೆ ಆಗುತ್ತದೆ. ಕೂಗಿದವನು ಸುಮ್ಮನಾಗಿ, ಮನೆಯಲ್ಲಿಯೇ ಎಲ್ಲಿಯೋ ಇದ್ದಾನೆಂದು ಗೊತ್ತಾದಾಗ ಭಯ ಹುಟ್ಟುತ್ತದೆ. ಯಕ್ಷಗಾನದ ಬಣ್ಣದ ವೇಷವನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ರಾಕ್ಷಸನ ಪೂರ್ಣ ಮುಖವನ್ನು ಕಂಡಾಗ ಮಕ್ಕಳು ಅರಚುತ್ತಾರೆ. ಆದರೆ ತೊಡೆಯ ಮೇಲಿನ ಮಗು ತಾಯಿಯ ಸೆರಗನ್ನು ಹಿಡಿಯುವುದು ಅದಕ್ಕೂ ಮೊದಲು, ಅವನು ಇನ್ನೂ ತೆರೆಯ ಹಿಂದೆ ಇದ್ದಾಗ.

ಆ ಮೂರನೆಯ ಸ್ವರ ಯಾವುದು? ನಮ್ಮ ಲೆಕ್ಕದಲ್ಲಿ ಅದು ಪ್ರತಿಮಧ್ಯಮ. ಹಾರ್ಮೋನಿಯಂ ಇರುವ ಮನೆಯವರು ಪರೀಕ್ಷೆ ಮಾಡಬಹುದು. ಬಿಳಿಯ ಐದನೆಯ ಮನೆಯನ್ನು ಷಡ್ಜವಾಗಿಟ್ಟುಕೊಂಡು, ಮೇಲಿನ ಷಡ್ಜಕ್ಕೆ ಹಾರಿ, ಪ್ರತಿಮಧ್ಯಮಕ್ಕೆ ಇಳಿದು ಬೆರಳನ್ನು ಅಲ್ಲಿಯೇ ಒತ್ತಿ ಹಿಡಿಯಿರಿ. ಹಾಡಿನ ಮುಕ್ಕಾಲು ಪಾಲು ನಿಮ್ಮ ಕೈಗೆ ಬಂದಂತಾಯಿತು. ಒಂದು ಸ್ಥಾಯಿಯ ಹನ್ನೆರಡು ಮನೆಗಳಲ್ಲಿ ಪ್ರತಿಮಧ್ಯಮ ಎರಡು ಷಡ್ಜಗಳಿಂದಲೂ ಆರಾರು ಮನೆ ದೂರ. ಅಂದರೆ ಎರಡು ಮನೆಗಳ ನಟ್ಟನಡುವಿನ ಬಯಲು. ಹಿಂದಕ್ಕೆ ಹೋದರೂ ಅಷ್ಟೇ ದೂರ, ಮುಂದಕ್ಕೆ ಹೋದರೂ ಅಷ್ಟೇ ದೂರ.

ಇಲ್ಲಿ ಒಂದು ಸ್ವಾರಸ್ಯವಿದೆ. ಪಾಶ್ಚಾತ್ಯರು ಈ ಅಂತರವನ್ನು ‘ಸಂಗೀತದಲ್ಲಿರುವ ಸೈತಾನ’ ಎಂದು ಕರೆದದ್ದುಂಟು. ಮಧ್ಯಯುಗದಲ್ಲಿ ಕ್ರೈಸ್ತ ಮಠದವರು ಇದನ್ನು ನುಡಿಸಿದವರಿಗೆ ಶಿಕ್ಷೆ ಕೊಡುತ್ತಿದ್ದರೆಂಬ ಕಥೆಯನ್ನು ಮೆಟಲ್ ಅಭಿಮಾನಿಗಳು ಬಲು ಹೆಮ್ಮೆಯಿಂದ ಹೇಳುತ್ತಾರೆ. ಕಥೆ ರುಚಿಯಾಗಿದೆ, ಆಧಾರ ಮಾತ್ರ ಇಲ್ಲ. ಸೈತಾನನ ಹೆಸರು ಅಂಟಿಕೊಂಡದ್ದು ಹದಿನೆಂಟನೆಯ ಶತಮಾನದ ಆರಂಭದ ಸಂಗೀತಶಾಸ್ತ್ರದ ಬರಹಗಳಲ್ಲಿ. ಅದೂ ಶಿಷ್ಯರು ಸ್ವರಸಂಯೋಜನೆಯಲ್ಲಿ ಎಡವದಿರಲೆಂದು ಮೇಷ್ಟ್ರುಗಳು ಕೊಟ್ಟ ಎಚ್ಚರಿಕೆಯ ರೂಪದಲ್ಲಿ. ಅದೇ ಹೊತ್ತಿಗೆ ನಮ್ಮಲ್ಲಿ ಏನಾಗಿತ್ತು? ಕನ್ನಡ ಮನೆತನದ ಗೋವಿಂದ ದೀಕ್ಷಿತರ ಮಗ ವೆಂಕಟಮಖಿ ತಂಜಾವೂರಿನಲ್ಲಿ ಕುಳಿತು, ಹದಿನೇಳನೆಯ ಶತಮಾನದಲ್ಲಿಯೇ, ಎಪ್ಪತ್ತೆರಡು ಮೇಳಗಳನ್ನು ಎರಡು ಭಾಗಮಾಡಿ, ಮೂವತ್ತೇಳರಿಂದ ಕೊನೆಯವರೆಗಿನ ಅರ್ಧ ಸಾಮ್ರಾಜ್ಯವನ್ನು ಈ ಸ್ವರಕ್ಕೇ ಬಿಟ್ಟುಕೊಟ್ಟಿದ್ದ! ಅವರ ಸೈತಾನ ನಮ್ಮ ಕಲ್ಯಾಣಿ. ಮದುವೆಯ ಮನೆಯಲ್ಲಿ ನಾಗಸ್ವರದವರು ಊದುವ, ಸಂಜೆಯ ಕಚೇರಿಯಲ್ಲಿ ಸಭೆಯನ್ನೆಲ್ಲ ಬೆಳಗುವ ರಾಗದ ಮುಖದ ಮೇಲಿನ ತಿಲಕವೇ ಆ ಪ್ರತಿಮಧ್ಯಮ.

ಹಾಗಾದರೆ ಒಂದೇ ಸ್ವರ ಅಲ್ಲಿ ದೆವ್ವ, ಇಲ್ಲಿ ಮಂಗಳ, ಹೇಗೆ? ನನಗೆ ಪರಿಚಯವಿರುವ ಪಿಟೀಲು ವಿದ್ವಾಂಸರೊಬ್ಬರಿಗೆ ಒಂದು ಸಂಜೆ ಈ ಹಾಡನ್ನು ಕೇಳಿಸಿದೆ. ಮಳೆ, ಗಂಟೆ ಎಲ್ಲವನ್ನೂ ತಾಳ್ಮೆಯಿಂದ ಸಹಿಸಿದರು. ಗಿಟಾರು ಬಂದ ಮೇಲೆ ತೊಡೆಯ ಮೇಲೆ ಬೆರಳಾಡಿಸಿ, “ಇದೇನು ರಾಯರೇ, ಪ್ರತಿಮಧ್ಯಮಕ್ಕೆ ಬಂದು ಪಂಚಮಕ್ಕೆ ಹೋಗದೆ ನಿಂತುಬಿಟ್ಟಿದ್ದಾರಲ್ಲ! ಹೊಸಿಲವರೆಗೂ ಬಂದ ನೆಂಟ ಒಳಗೂ ಬಾರದೆ ಹೊರಗೂ ಹೋಗದೆ ನಿಂತ ಹಾಗೆ” ಎಂದರು. “ನಿಲ್ಲಲಿ ಬಿಡಿ ಸ್ವಾಮಿ, ಅದೇ ಹಾಡು” ಎಂದೆ. “ಇರಬಹುದು, ಆದರೆ ನನಗೆ ಪಂಚಮ ಕೊಡುವವರೆಗೂ ಊಟ ಸೇರುವುದಿಲ್ಲ” ಎಂದು ಎದ್ದು, ಪಿಟೀಲು ತೆಗೆದು, ಪ್ರತಿಮಧ್ಯಮವನ್ನು ಒಮ್ಮೆ ತೂಗಿ ಪಂಚಮದಲ್ಲಿ ಇಳಿಸಿ, ಸಮಾಧಾನದ ಉಸಿರುಬಿಟ್ಟರು.

ಸಾವಿರ ಪುಟದ ಶಾಸ್ತ್ರ ಹೇಳುವುದನ್ನು ಅವರು ಒಂದು ಕಮಾನಿನಲ್ಲಿ ಹೇಳಿಬಿಟ್ಟರೆಂದು ನನಗೆ ತೋರಿತು. ನಮ್ಮಲ್ಲಿ ತಂಬೂರಿಯ ಷಡ್ಜ-ಪಂಚಮ ಎಡೆಬಿಡದೆ ಮೊಳಗುತ್ತಿರುತ್ತದೆ. ಪ್ರತಿಮಧ್ಯಮ ಎಷ್ಟು ಚಡಪಡಿಸಿದರೂ ಒಂದು ಹೆಜ್ಜೆ ಮೇಲೆ ಪಂಚಮ ಕೈ ಚಾಚಿಕೊಂಡು ಕಾದಿದೆಯೆಂಬ ನಂಬಿಕೆ ಹಾಡುವವನಿಗೂ ಉಂಟು, ಕೇಳುವವನಿಗೂ ಉಂಟು. ಆ ಚಡಪಡಿಕೆಯೇ ಕಲ್ಯಾಣಿಯ ಸೊಗಸು. ಬರ್ಮಿಂಗ್‌ಹ್ಯಾಮಿನ ಹುಡುಗರು ಆ ನಂಬಿಕೆಯನ್ನು ಕಿತ್ತುಕೊಂಡರು. ಅವರ ಸ್ವರ ನಡುಗುವಾಗ ಮೇಲಿನ ಆಸರೆಯನ್ನು ಮುಟ್ಟಿದಂತೆ ಮಾಡಿ ಹಿಂತಿರುಗುತ್ತದೆ; ಅಲ್ಲಿ ಕೂರುವುದಿಲ್ಲ. ಮನೆ ಕಾಣುತ್ತದೆ, ಬಾಗಿಲು ತೆರೆಯುವುದಿಲ್ಲ. ಭಯವೆಂದರೆ ಇದೇ ಅಲ್ಲವೆ?

ಈ ಮೂರು ಸ್ವರಗಳ ಹುಟ್ಟಿನ ಬಗ್ಗೆ ತಂಡದವರೇ ಹೇಳಿಕೊಂಡದ್ದುಂಟು. ಬಾಸ್ ಗಿಟಾರಿನ ಗೀಝರ್ ಬಟ್ಲರ್‌ಗೆ ಗುಸ್ತಾವ್ ಹೋಲ್ಸ್ಟ್ ಎಂಬ ಆಂಗ್ಲ ವಾಗ್ಗೇಯಕಾರ ಮೊದಲ ಮಹಾಯುದ್ಧದ ಕಾಲದಲ್ಲಿ ರಚಿಸಿದ ‘ಗ್ರಹಗಳು’ ಎಂಬ ವಾದ್ಯವೃಂದ ಕೃತಿ ಮೆಚ್ಚು. ಅದರಲ್ಲಿ ಯುದ್ಧವನ್ನು ತರುವ ಅಂಗಾರಕನ ಭಾಗವನ್ನು ಆತ ನುಡಿಸುತ್ತಿದ್ದ. ಮರುದಿನ ಗಿಟಾರಿನ ಟೋನಿ ಐಯೋಮಿ ಅದರ ನೆರಳಿನಂತಿರುವ ಈ ಮೂರು ಸ್ವರ ಹಿಡಿದ. ಅಂಗಾರಕನೆಂದರೆ ನಮ್ಮ ಮುತ್ತುಸ್ವಾಮಿ ದೀಕ್ಷಿತರಿಗೂ ಗೊತ್ತು. ಅವರು ನವಗ್ರಹ ಕೃತಿಗಳಲ್ಲಿ ಅವನನ್ನು ಸುರಟಿ ರಾಗದಲ್ಲಿ ಆಶ್ರಯಿಸಿ ಸಮಾಧಾನಪಡಿಸಿದರು. ಗ್ರಹ ಒಂದೇ, ಒಬ್ಬರು ಅದಕ್ಕೆ ಶಾಂತಿ ಮಾಡಿಸಿದರು, ಇನ್ನೊಬ್ಬರು ಅದು ಬಡಿದ ಸದ್ದನ್ನು ಬರೆದಿಟ್ಟರು.

ಇನ್ನು ಸಾಹಿತ್ಯ. ಪದ್ಯವಾಗಿ ನೋಡಿದರೆ ಇದು ಬಡಪದ್ಯ. ಪ್ರಾಸಗಳು ಶಾಲೆಯ ಹುಡುಗನವು. ವಸ್ತು ಇಷ್ಟೇ: ಕಪ್ಪು ಆಕೃತಿಯೊಂದು ಎದುರಿಗೆ ನಿಂತು ತನ್ನತ್ತ ಬೆರಳು ತೋರಿಸುತ್ತಿರುವುದನ್ನು ಒಬ್ಬ ಕಾಣುತ್ತಾನೆ, ಓಡಲು ನೋಡುತ್ತಾನೆ, ಆರಿಸಲ್ಪಟ್ಟವನು ತಾನೇ ಎಂದು ಅರಿವಾಗುತ್ತದೆ, ದೇವರನ್ನು ಕೂಗಿಕೊಳ್ಳುತ್ತಾನೆ. ಬಟ್ಲರ್ ಒಂದು ರಾತ್ರಿ ಎಚ್ಚರವಾಗಿ ಮಂಚದ ಕಾಲದೆಸೆಯಲ್ಲಿ ಕಪ್ಪು ಆಕೃತಿಯನ್ನು ಕಂಡೆನೆಂದು ಗೆಳೆಯರಿಗೆ ಹೇಳಿದ್ದೇ ಈ ಹಾಡಿಗೆ ಬೀಜ. ಆಗ ಅವನು ಮಾಟಮಂತ್ರದ ಪುಸ್ತಕಗಳನ್ನು ಓದುತ್ತಿದ್ದ. ಆ ರಾತ್ರಿಯ ಮೇಲೆ ಆ ಹುಚ್ಚು ಇಳಿಯಿತಂತೆ.

ನಾಟ್ಯಶಾಸ್ತ್ರವನ್ನು ತಿರುವಿದಾಗ ನಾನು ಬೆರಗಾದೆ. ಭರತನು ಪ್ರತಿ ರಸಕ್ಕೂ ಒಂದು ಬಣ್ಣ, ಒಬ್ಬ ಅಧಿದೇವತೆಯನ್ನು ಹೇಳುತ್ತಾನೆ. ಭಯಾನಕಕ್ಕೆ ಬಣ್ಣ ಕಪ್ಪು, ದೇವತೆ ಕಾಲ. ವಿಕಾರವಾದ ಸದ್ದು, ಭೂತದರ್ಶನ, ಬರಿದಾದ ಮನೆ, ಇವು ವಿಭಾವಗಳು. ಕೈಕಾಲು ನಡುಗುವುದು, ಮುಖ ಬಿಳಿಚುವುದು, ದನಿ ಒಡೆಯುವುದು, ಇವು ಅನುಭಾವಗಳು. ಬರ್ಮಿಂಗ್‌ಹ್ಯಾಮಿನ ಕೂಲಿಕೇರಿಯ ಹುಡುಗರು ಭರತನ ಹೆಸರನ್ನೂ ಕೇಳಿರಲಾರರು. ಆದರೂ ಹಾಡಿನಲ್ಲಿ ಒಂದೂ ತಪ್ಪಿಲ್ಲ. ಆ ‘ಸ್ವರಭೇದ’ವಂತೂ ಹಾಡುಗಾರ ಓಝಿ ಆಸ್ಬರ್ನ್‌ನ ಕಂಠದಲ್ಲಿ ಮೂರ್ತಿಮತ್ತಾಗಿದೆ. ಅವನದು ಶಿಕ್ಷಣ ಪಡೆದ ಶಾರೀರವಲ್ಲ. ಮೂಗಿನಿಂದ ಹೊರಡುವ ತೆಳುವಾದ, ನೇರವಾದ ದನಿ. ದೊಡ್ಡ ಗಾಯಕನಾಗಿದ್ದರೆ ಭಯವನ್ನು ಅಭಿನಯಿಸುತ್ತಿದ್ದ. ಈತ ಸಹಾಯ ಕೇಳುತ್ತಾನೆ, ಅಷ್ಟೆ. ತರುಣನಾಗಿದ್ದಾಗ ಅವನು ಕಾರಿನ ಹಾರನ್ನುಗಳನ್ನು ಪರೀಕ್ಷಿಸಿ ಶ್ರುತಿ ಕೂಡಿಸುವ ಕಾರ್ಖಾನೆಯಲ್ಲಿ ದುಡಿದಿದ್ದನಂತೆ. ಹೆಬ್ಬಾಳದ ಮೇಲ್ಸೇತುವೆಯ ಕೆಳಗೆ ಸಂಜೆ ಆರು ಗಂಟೆಗೆ ನಿಂತವರು ಅವನ ಮೇಲೆ ಸಹಾನುಭೂತಿ ತೋರದಿರಲಾರರು.

ಆರ್.ಟಿ. ನಗರದ ಮಿತ್ರರೊಬ್ಬರು ತಮ್ಮ ಮಗನ ವಿಷಯವಾಗಿ ನನ್ನಲ್ಲಿ ದುಃಖ ತೋಡಿಕೊಂಡರು. ಹುಡುಗ ಇಂಜಿನಿಯರಿಂಗ್ ಓದುತ್ತಾನೆ, ಕಪ್ಪು ಅಂಗಿ ಬಿಟ್ಟು ಬೇರೆ ತೊಡುವುದಿಲ್ಲ, ಅಂಗಿಯ ಮೇಲೆ ತಲೆಬುರುಡೆ, ಕೋಣೆಯ ಗೋಡೆಯ ಮೇಲೆ ಈ ತಂಡದ ಚಿತ್ರ. “ಸೈತಾನನ ಪೂಜೆ ಅಂತಾರಲ್ಲ ಸಾರ್, ಇದು ಅದೇನಾ?” ಎಂದು ಕೇಳಿದರು. ನಗುವ ಪ್ರಶ್ನೆಯಲ್ಲ, ಮನೆಯಲ್ಲಿ ಬೆಳೆದ ಮಗನಿರುವವರ ಪ್ರಶ್ನೆ. ನಾನು ಅವರಿಗೆ ಹೇಳಿದ್ದು ಇಷ್ಟು: ಪೂಜೆ ಮಾಡುವವನು ಬಾ ಎನ್ನುತ್ತಾನೆ, ಈ ಹಾಡಿನವನು ಬೇಡ, ಬೇಡ ಎಂದು ಓಡುತ್ತಾನೆ. ಸೈತಾನನನ್ನು ಕಂಡು ದೇವರನ್ನು ಕರೆಯುವ ಹಾಡು ಸೈತಾನನ ಸ್ತೋತ್ರವಾದರೆ, ನಮ್ಮ ಗಜೇಂದ್ರಮೋಕ್ಷ ಮೊಸಳೆಯ ಸ್ತೋತ್ರವಾಗಬೇಕು! ಅವರು ನಕ್ಕರು. ಆದರೂ, “ಗಜೇಂದ್ರನಿಗೆ ಕೊನೆಗೆ ಹರಿ ಬಂದನಲ್ಲ” ಎಂದರು. ಆ ಮಾತು ಮಾತ್ರ ನಿಜ. ಈ ಹಾಡಿನಲ್ಲಿ ಯಾರೂ ಬರುವುದಿಲ್ಲ. ಮಿತ್ರರ ಕಳವಳಕ್ಕೆ ನಿಜವಾದ ಕಾರಣ ಸೈತಾನನಲ್ಲ, ಇದು. ತಮ್ಮ ಮಗ ರಾತ್ರಿ ಹೆಡ್‌ಫೋನು ಹಾಕಿಕೊಂಡು ಕೇಳುವುದು ಕೂಗಿಗೆ ಓಗೊಡುವವರಿಲ್ಲದ ಹಾಡನ್ನು ಎಂಬುದು ತಂದೆಯಾದವನಿಗೆ ಹಗುರವಾದ ಸಂಗತಿಯಲ್ಲ.

ನಾವು ದೆವ್ವವನ್ನು ನಿಭಾಯಿಸುವ ಕ್ರಮವೇ ಬೇರೆ. 1990ರ ದಶಕದಲ್ಲಿ ಬೆಂಗಳೂರಿನಲ್ಲೂ ಸುತ್ತಮುತ್ತಣ ಹಳ್ಳಿಗಳಲ್ಲೂ ಮನೆಗಳ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದದ್ದನ್ನು ಅನೇಕ ವಾಚಕರು ಕಂಡಿರಬಹುದು. ರಾತ್ರಿ ಹೊತ್ತು ಬಂಧುಗಳ ದನಿಯಲ್ಲಿ ಕರೆದು ಬಾಗಿಲು ಬಡಿಯುವ ದೆವ್ವ ಅದನ್ನು ಓದಿಕೊಂಡು ಹಿಂತಿರುಗುತ್ತದೆ, ಮರುದಿನ ಬಂದರೆ ಮತ್ತೆ ಅದೇ ಬರಹ! ದೆವ್ವಕ್ಕೆ ಅಕ್ಷರಜ್ಞಾನ ಉಂಟೆಂದೂ, ಅದು ಸರ್ಕಾರಿ ಕಚೇರಿಗೆ ಅಲೆದವರಂತೆ ವಿನಯಶೀಲವೆಂದೂ ಭಾವಿಸಿದ ಜನರ ಹಾಸ್ಯಕ್ಕೆ ನಾನು ತಲೆಬಾಗುತ್ತೇನೆ. ಭಯವನ್ನು ಒಂದು ದಿನ ಮುಂದಕ್ಕೆ ಹಾಕುವುದು ನಮ್ಮ ಗೃಹಸ್ಥರ ಜಾಣ್ಮೆ. ಈ ಹಾಡಿನಲ್ಲಿ ಆ ಸೌಲಭ್ಯವಿಲ್ಲ. ಬಾಗಿಲು ಬಡಿದದ್ದು ಇಂದು, ತೆರೆಯಬೇಕಾದದ್ದು ಇಂದೇ. ಹದಿನೆಂಟು ಇಪ್ಪತ್ತರ ವಯಸ್ಸಿಗೆ ಇದು ಏಕೆ ಹಿಡಿಸುತ್ತದೆಂದು ಕೇಳಿದರೆ, ಆ ವಯಸ್ಸಿನಲ್ಲಿ ಎಲ್ಲರೂ ಅವರಿಗೆ ‘ನಾಳೆ, ನಾಳೆ’ ಎಂದೇ ಹೇಳುತ್ತಿರುತ್ತಾರೆಂಬುದು ನನ್ನ ಉತ್ತರ.

ಈ ಸಂಗೀತದ ಲೋಹದ ಗುಣ ಎಲ್ಲಿಂದ ಬಂತೆಂಬುದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಐಯೋಮಿ ಹದಿನೇಳರ ಹುಡುಗನಾಗಿದ್ದಾಗ ತಗಡಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಕೆಲಸ ಬಿಟ್ಟು ಸಂಗೀತಕ್ಕೆ ಹೊರಡುವ ಕೊನೆಯ ದಿನ, ಬಾರದವರೊಬ್ಬರ ಬದಲಿಗೆ ಅವನನ್ನು ಪ್ರೆಸ್ಸಿನ ಮುಂದೆ ನಿಲ್ಲಿಸಿದರು. ಯಂತ್ರ ಅವನ ಬಲಗೈಯ ಮಧ್ಯದ ಬೆರಳು ಮತ್ತು ಉಂಗುರದ ಬೆರಳುಗಳ ತುದಿಯನ್ನು ಕಡಿದುಕೊಂಡಿತು. ಅವನು ಎಡಚ, ತಂತಿಯನ್ನು ಒತ್ತುವ ಕೈಯೇ ಅದು. ಆಗ ಕಾರ್ಖಾನೆಯ ಮೇಸ್ತ್ರಿ ಅವನ ಕೈಯಲ್ಲಿ ಒಂದು ತಟ್ಟೆ ಇಟ್ಟ: ಬೆಂಕಿಯಲ್ಲಿ ಎರಡು ಬೆರಳು ಸೆಡೆತುಹೋದ ಮೇಲೂ ಜಾಝ್ ಗಿಟಾರಿನಲ್ಲಿ ಅಪ್ರತಿಮನೆನಿಸಿದ ಜಾಂಗೋ ರೈನ್‌ಹಾರ್ಟ್‌ನದು. ಹುಡುಗ ಪಾತ್ರೆ ತೊಳೆಯುವ ದ್ರಾವಣದ ಪ್ಲಾಸ್ಟಿಕ್ ಸೀಸೆಯನ್ನು ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡು, ಮೇಲೆ ಚರ್ಮ ಅಂಟಿಸಿ, ತೆಳುವಾದ ತಂತಿಗಳನ್ನು ಹುಡುಕಿ ಹಾಕಿ, ಮತ್ತೆ ಕಲಿತ. ಮುಂದೆ ತಂತಿಗಳನ್ನು ಸಡಿಲಿಸಿ ಶ್ರುತಿಯನ್ನೇ ಇಳಿಸಿದ; ಆ ತಗ್ಗಿದ ನಾದವನ್ನು ಆಮೇಲೆ ಬಂದ ಮೆಟಲ್ ತಂಡಗಳು ಬಹುಮಟ್ಟಿಗೆ ಅನುಸರಿಸಿವೆ.

ತುಮಕೂರು ರಸ್ತೆಯ ಜನಕ್ಕೆ ಈ ಕಥೆಯಲ್ಲಿ ಅಪರಿಚಿತವಾದುದು ಏನೂ ಇಲ್ಲ. ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್.ಎಂ.ಟಿ., ಮರುವರ್ಷ ಬಿ.ಇ.ಎಲ್. ಬಂದವು, 1970ರ ದಶಕದಲ್ಲಿ ಪೀಣ್ಯ ಬೆಳೆಯಿತು. ಅಲ್ಲಿನ ಸಣ್ಣ ಶೆಡ್ಡುಗಳ ಮುಂದೆ ನಡೆದುಹೋದವರಿಗೆ ಪವರ್ ಪ್ರೆಸ್ಸಿನ ಸದ್ದು ಗೊತ್ತು: ಒಂದು ಬಡಿತ, ಒಂದು ಬಿಡುವು, ಮತ್ತೆ ಬಡಿತ. ಯಶವಂತಪುರದ ಬಸ್ಸಿನಲ್ಲಿ ಕಂಬಿ ಹಿಡಿದ ಕೈಗಳನ್ನು ಗಮನಿಸಿದರೆ ಎಲ್ಲೋ ಒಂದು ಕೈಯಲ್ಲಿ ಬೆರಳು ಗಿಡ್ಡವಾಗಿರುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಅಂಗವೈಕಲ್ಯದಿಂದಲೇ ಕಲೆ ಹುಟ್ಟಿತೆಂದು ಹಾಡಿ ಹೊಗಳುವ ಜಾತಿಯವನು ನಾನಲ್ಲ. ಆ ಪ್ರೆಸ್ಸಿಗೆ ಒಂದು ರಕ್ಷಣೆಯ ಸಲಾಕೆ ಇದ್ದಿದ್ದರೆ ಒಳ್ಳೆಯದಿತ್ತು, ಐಯೋಮಿ ಬೇರೆ ಯಾವುದೋ ಹಾಡು ಮಾಡುತ್ತಿದ್ದ. ಆದರೆ ‘ಬ್ಲ್ಯಾಕ್ ಸ್ಯಾಬತ್’ನ ಗತಿಯನ್ನು ಕೇಳುವಾಗ, ಮೇಲಿನಿಂದ ಇಳಿಯುತ್ತಿರುವ ಏನನ್ನೋ ಎದುರು ನೋಡುತ್ತ ನಿಂತ ಮೈಯೊಂದು ನನ್ನ ಕಣ್ಣಿಗೆ ಕಟ್ಟುತ್ತದೆ. ದೆವ್ವದ ಹಾಡೆಂದು ಅವರು ಬರೆದದ್ದರ ಒಳಗೆ ಕಾರ್ಖಾನೆ ಸೇರಿಕೊಂಡಿದೆ. ಅವರಿಗೆ ಅದು ಗೊತ್ತಿತ್ತೋ ಇಲ್ಲವೋ, ವಿಮರ್ಶಕನಿಗೆ ಅದು ಮುಖ್ಯವಲ್ಲ.

ಹಾಡಿಗೆ ಒಂದು ದೊಡ್ಡ ದೋಷವಿದೆ. ನಾಲ್ಕೂವರೆ ನಿಮಿಷ ಕಳೆದಮೇಲೆ ಗತಿ ಇದ್ದಕ್ಕಿದ್ದಂತೆ ದ್ರುತಕ್ಕೆ ಏರುತ್ತದೆ. ಗಿಟಾರು ಕುದುರೆಯೋಟಕ್ಕೆ ತೊಡಗುತ್ತದೆ, ಡ್ರಮ್ಮು ಬೆನ್ನಟ್ಟುತ್ತದೆ. ಪಲಾಯನವೂ ಭಯದ ಅನುಭಾವವೇ ತಾನೆ ಎಂದು ಸಮರ್ಥಿಸಬಹುದು. ಅಭಿಮಾನಿಗಳಿಗೆ ಈ ಭಾಗವೇ ಪ್ರಿಯ; ಸಭೆಯಲ್ಲಿ ಎಲ್ಲರೂ ತಲೆ ಕೊಡವುವುದು ಇಲ್ಲಿಯೇ. ನನಗಾದರೋ, ಓಡಲು ಶುರುಮಾಡಿದ ಕೂಡಲೆ ಭಯ ಅರ್ಧ ಇಳಿದುಹೋಗುತ್ತದೆ. ಕಾಲಿಗೆ ಕೆಲಸ ಸಿಕ್ಕಿದವನಿಗೆ ಏನು ಭಯ? ಅಷ್ಟು ಹೊತ್ತು ಪಂಚಮವನ್ನು ನಿರಾಕರಿಸಿ ನಮ್ಮನ್ನು ಹೊಸಿಲಲ್ಲಿ ನಿಲ್ಲಿಸಿದವರು ಕೊನೆಯಲ್ಲಿ ಸಿನಿಮಾದ ಓಟಕ್ಕೆ ಒಪ್ಪಿಕೊಂಡರು. ತಂಡದ ಹೆಸರೇ ಒಂದು ಸಿನಿಮಾದ್ದಲ್ಲವೆ? ಮಾರಿಯೋ ಬಾವ ಎಂಬ ಇಟಲಿಯ ನಿರ್ದೇಶಕ 1963ರಲ್ಲಿ ತೆಗೆದ ಭಯದ ಚಿತ್ರ ಅದು. ಜನ ದುಡ್ಡು ಕೊಟ್ಟು ಹೆದರಿಕೊಳ್ಳಲು ಸಾಲುಗಟ್ಟುವುದನ್ನು ಕಂಡು ಸೋಜಿಗಪಟ್ಟ ಹುಡುಗರು ಇವರು. ಆ ಟಿಕೆಟ್ಟಿನ ವಾಸನೆ ಕೊನೆಯ ಒಂದೂವರೆ ನಿಮಿಷದಲ್ಲಿ ಹೊಡೆಯುತ್ತದೆ.

ಬೆಂಗಳೂರಿನ ತರುಣರಲ್ಲಿ ಈ ದೋಷವನ್ನು ಕಂಡವರು ಇದ್ದಾರೆ ಎನ್ನಬೇಕು. ಇಲ್ಲಿಯದೇ ‘ಬೇವರ್ ಸೀ’ ಎಂಬ ತಂಡ ಈ ವಿಳಂಬಗತಿಯ ಮಾರ್ಗವನ್ನೇ ಹಿಡಿದು 2012ರಲ್ಲಿ ತನ್ನ ಮೊದಲ ಧ್ವನಿಮುದ್ರಿಕೆಯನ್ನು ತಂದಿತು. ಹೆಸರನ್ನು ಇಂಗ್ಲಿಷಿನಲ್ಲಿ ಬರೆದರೆ ಯಾವುದೋ ಕಡಲಿನದಿರಬೇಕೆಂದು ಹೊರಗಿನವರು ಭಾವಿಸುತ್ತಾರೆ. ಒಮ್ಮೆ ಗಟ್ಟಿಯಾಗಿ ಉಚ್ಚರಿಸಿದರೆ ಮಲ್ಲೇಶ್ವರದ ಮಾರುಕಟ್ಟೆಯ ಯಾರಿಗಾದರೂ ಅದು ಯಾವ ಬೈಗುಳವೆಂದು ತಿಳಿಯುತ್ತದೆ. ವಾರಸುದಾರರಿಲ್ಲದವನು ಎಂಬುದು ಆ ಪದದ ಮೂಲಾರ್ಥ. ಕೂಗಿದರೆ ಓಗೊಡುವವರಿಲ್ಲದ ಹಾಡಿನ ವಂಶದವರು ಇದಕ್ಕಿಂತ ಒಪ್ಪುವ ಹೆಸರನ್ನು ಹುಡುಕಲಾರರು. ಇಲ್ಲಿನ ಇನ್ನೊಂದು ತಂಡ ‘ಕ್ರಿಪ್ಟಾಸ್’ 2013ರಲ್ಲಿ ಜರ್ಮನಿಯ ವಾಕನ್ ಉತ್ಸವದವರೆಗೂ ಹೋಗಿಬಂದಿತು. ಇಷ್ಟಾದರೂ ಈ ಸಂಗೀತದಲ್ಲಿ ಕನ್ನಡದ ಮಾತಿಗೆ ತಕ್ಕ ಜಾಗ ಇನ್ನೂ ದೊರೆತಿಲ್ಲ ಎಂದೇ ನನಗೆ ಅನ್ನಿಸುತ್ತದೆ. ಹೆಸರಿನಲ್ಲಿ ಬೈಯಲು ಕನ್ನಡ ಬೇಕು, ಹೆದರಿಕೊಳ್ಳಲು ಇಂಗ್ಲಿಷ್ ಬೇಕು ಎಂಬುದು ವಿಚಿತ್ರವಲ್ಲವೆ? ನಡುರಾತ್ರಿಯಲ್ಲಿ ಬೆಚ್ಚಿಬಿದ್ದವನು ಅವ್ವಾ ಎಂದೋ ಅಮ್ಮಾ ಎಂದೋ ಕೂಗುತ್ತಾನೆ. ಆ ಕೂಗನ್ನು ಪ್ರತಿಮಧ್ಯಮದ ಮೇಲೆ ನಿಲ್ಲಿಸಿ ತೋರಿಸುವ ತರುಣನೊಬ್ಬ ಯಲಹಂಕದ ಯಾವುದಾದರೂ ಗ್ಯಾರೇಜಿನಲ್ಲಿ ಅಭ್ಯಾಸ ಮಾಡುತ್ತಿರಬಹುದೆಂದು ನಾನು ಆಸೆಪಡುತ್ತೇನೆ.

ಮೂಲ ತಂಡ ಬೆಂಗಳೂರಿಗೆ ಬರಲೇ ಇಲ್ಲ. 2025ರ ಜುಲೈ 5ರಂದು ನಾಲ್ವರೂ ತಮ್ಮ ಹುಟ್ಟೂರಿನ ವಿಲ್ಲಾ ಪಾರ್ಕ್ ಕ್ರೀಡಾಂಗಣದಲ್ಲಿ ಕೊನೆಯ ಸಲ ಒಟ್ಟಿಗೆ ನುಡಿಸಿದರು. ಓಝಿ ಆಸ್ಬರ್ನ್‌ಗೆ ನಿಲ್ಲಲು ಆಗುತ್ತಿರಲಿಲ್ಲ; ಸಿಂಹಾಸನದಂಥ ಕಪ್ಪು ಕುರ್ಚಿಯಲ್ಲಿ ಕುಳಿತೇ ಹಾಡಿದ. ಹದಿನೇಳು ದಿನಗಳ ಮೇಲೆ, ಜುಲೈ 22ರಂದು, ಎಪ್ಪತ್ತಾರನೆಯ ವಯಸ್ಸಿನಲ್ಲಿ ತೀರಿಕೊಂಡ. ಆ ಕೊನೆಯ ಸಂಜೆ ತಂಡ ನುಡಿಸಿದ್ದು ನಾಲ್ಕು ಹಾಡು. ‘ಬ್ಲ್ಯಾಕ್ ಸ್ಯಾಬತ್’ ಅವುಗಳಲ್ಲಿ ಇರಲಿಲ್ಲ.